ಮ್ಯಾನ್ಮಾರ್ ಚುನಾವಣೆ: ಮೊದಲು ಪಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಮ್ಯಾನ್ಮಾರ್‌ನಲ್ಲಿ 2025ರ ಡಿಸೆಂಬರ್ 28ರಿಂದ ಹಂತ ಹಂತವಾಗಿ ಮತದಾನ ಎಂದು ಓದಿದೆ. ಸೇನೆ ಕೊನೆಗೂ ಅಧಿಕಾರ ಬಿಡುತ್ತಿದೆ ಅಂತ ಕೆಲವರು ಖುಷಿಪಡುತ್ತಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ.

ಶಿಕ್ಷಕಿಯಾಗಿದ್ದಾಗ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಿದವಳು ನಾನು. ಹದಿನೆಂಟು ತುಂಬಿದವರು ಯಾರು, ತೀರಿಕೊಂಡವರು ಯಾರು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆವು. ಜನ ಹೆದರದೆ ಹೆಸರು ಹೇಳುತ್ತಿದ್ದರು. ಚುನಾವಣೆ ಶುರುವಾಗುವುದೇ ಅಲ್ಲಿಂದ, ಅಲ್ವಾ?

ಮ್ಯಾನ್ಮಾರ್‌ನಲ್ಲಿ ಆ ಕೆಲಸವೇ ನೆಟ್ಟಗೆ ಆಗಿಲ್ಲ. ಪಟ್ಟಿಗೆ ಆಧಾರ ಬೇಕೆಂದು 2024ರ ಅಕ್ಟೋಬರ್‌ನಲ್ಲಿ ಜನಗಣತಿ ಮಾಡಿದರು. 330 ಟೌನ್‌ಶಿಪ್‌ಗಳಲ್ಲಿ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕಗಳು) ಪೂರ್ತಿ ಎಣಿಸಲು ಆಗಿದ್ದು 145ರಲ್ಲಿ ಮಾತ್ರ. 5.1 ಕೋಟಿ ಜನ ಎಂದರು, ಅದರಲ್ಲಿ ಸುಮಾರು 1.9 ಕೋಟಿ ಬರೀ ಅಂದಾಜು. ಎಷ್ಟೋ ಕಡೆ ಯುದ್ಧ ನಡೆಯುತ್ತಿದೆ. ಎಣಿಸಲು ಹೋದ ಕಡೆಯಾದರೂ ಧೈರ್ಯವಾಗಿ ಹೆಸರು ಕೊಡುವವರು ಯಾರು? ಅದೇ ವರ್ಷದ ಫೆಬ್ರುವರಿಯಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಜಾರಿಗೆ ಬಂತು. 18ರಿಂದ 35 ವಯಸ್ಸಿನ ಗಂಡಸರನ್ನು ಸೇನೆಗೆ ಎಳೆದುಕೊಂಡು ಹೋಗಬಹುದು. ಮನೆಯಲ್ಲಿ ಇಪ್ಪತ್ತರ ಮಗ ಇದ್ದಾನೆ ಎಂದು ಯಾವ ತಾಯಿ ಬರೆಸುತ್ತಾಳೆ ಹೇಳಿ?

2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿದ್ದು ಕೂಡ ಮತದಾರರ ಪಟ್ಟಿಯಲ್ಲಿ ಮೋಸ ಆಗಿದೆ ಎಂದು ಹೇಳಿಯೇ. ಇದು ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. ಅದಕ್ಕೆ ಮೂರು ತಿಂಗಳ ಹಿಂದಿನ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ ಎನ್‌ಎಲ್‌ಡಿ (ನ್ಯಾಷನಲ್ ಲೀಗ್ ಫಾರ್ ಡೆಮಾಕ್ರಸಿ), ಮತದಾನ ನಡೆದ 476 ಸ್ಥಾನಗಳಲ್ಲಿ 396 ಗೆದ್ದಿತ್ತು. ಫಲಿತಾಂಶ ಜನರ ಇಚ್ಛೆಗೆ ತಕ್ಕಂತೆಯೇ ಇದೆ ಎಂದು ವೀಕ್ಷಕರು ಹೇಳಿದ್ದರು. 2023ರಲ್ಲಿ ಮತ್ತೆ ನೋಂದಣಿ ಮಾಡಿಸಲಿಲ್ಲ ಎಂದು ಆ ಪಕ್ಷವನ್ನೇ ರದ್ದು ಮಾಡಿದರು. ಅದರ ನಾಯಕಿ ಸೂ ಕಿ ಅವರನ್ನು ಸೇನೆ ಅಧಿಕಾರ ಕಿತ್ತುಕೊಂಡ ದಿನ ಹಿಡಿದವರು ಬಿಟ್ಟಿಲ್ಲ. ಇನ್ನು ಸಂಸತ್ತಿನ ಕಾಲುಭಾಗ ಸ್ಥಾನ 2008ರ ಸಂವಿಧಾನದ ಪ್ರಕಾರ ಸೇನೆಗೇ ಮೀಸಲು. ಅದಕ್ಕೆ ಮತವೇ ಬೇಕಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಫಲಿತಾಂಶ ಬಂದ ದಿನ ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಎಂದಷ್ಟೇ ಹಾಕಬೇಡಿ. ಎಷ್ಟು ಟೌನ್‌ಶಿಪ್‌ಗಳಲ್ಲಿ ಮತದಾನವೇ ನಡೆಯಲಿಲ್ಲ, ಯಾವ ಪಕ್ಷ ಕಣದಲ್ಲಿ ಇರಲಿಲ್ಲ, ಸೇನೆ ನೇಮಿಸಿದವರು ಎಷ್ಟು ಜನ ಎಂಬುದನ್ನೂ ಅದರ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ ಹಾಕಿ.

ಇಂತಿ,
ನಿವೃತ್ತ ಶಿಕ್ಷಕಿ