ಮಗಳ ಆಲಿಸುವ ತೊಂದರೆಯನ್ನು ಗುರುತಿಸಿದವರಿಗೆ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮೂರನೆಯ ತರಗತಿಯ ನಮ್ಮ ಮಗಳನ್ನು ಪರೀಕ್ಷಿಸಿದ, ಹೆಸರು ತಿಳಿಯದ ಶ್ರವಣತಜ್ಞೆಯವರಿಗೆ ಈ ಮೂಲಕ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತೇವೆ.

ಮಗಳ ಆಡಿಯೋಗ್ರಾಂ (ಎಷ್ಟು ಮೆಲ್ಲನೆಯ ಸದ್ದು ಕೇಳಿಸುತ್ತದೆಂದು ತೋರಿಸುವ ನಕ್ಷೆ) ಸಹಜವಾಗಿಯೇ ಇತ್ತು. ಆದರೂ ತರಗತಿಯಲ್ಲಿ ಫ್ಯಾನು ತಿರುಗುತ್ತಿದ್ದು, ಪಕ್ಕದ ಕೋಣೆಯಿಂದ ಮಗ್ಗಿಯ ಸದ್ದು ಬರುತ್ತಿದ್ದರೆ, ಉಕ್ತಲೇಖನದ ‘ಪಟ್ಟೆ’ ಅವಳ ಪುಸ್ತಕದಲ್ಲಿ ‘ಬಟ್ಟೆ’ಯಾಗುತ್ತಿತ್ತು; ‘ಗಮನವಿಲ್ಲ’ ಎಂಬ ಷರಾ ಮಾತ್ರ ತಪ್ಪದೆ ಬರುತ್ತಿತ್ತು. ತಾವು ಆಡಿಯೋಗ್ರಾಂಗಷ್ಟೇ ನಿಲ್ಲಿಸದೆ, ಎರಡು ಕಿವಿಗಳಿಗೂ ಏಕಕಾಲಕ್ಕೆ ಬೇರೆ ಬೇರೆ ಅಕ್ಷರಗಳನ್ನು ಕೇಳಿಸಿ, ಗದ್ದಲದ ನಡುವೆ ಪದಗಳನ್ನು ಹೇಳಿಸಿ, ಕಿವಿ ಸದ್ದನ್ನು ಹಿಡಿಯುವುದು ಬೇರೆ, ಮಿದುಳು ಅದನ್ನು ಬಿಡಿಸಿಕೊಳ್ಳುವುದು ಬೇರೆ ಎಂಬುದನ್ನು ನಮಗೆ ಮನವರಿಕೆ ಮಾಡಿಕೊಟ್ಟಿರಿ. ಈ ಪರೀಕ್ಷೆಗಳನ್ನು ಸಾಮಾನ್ಯವಾಗಿ 7 ವರ್ಷ ತುಂಬಿದ ಮೇಲೆಯೇ ನೆಚ್ಚಬಹುದೆಂದು ತಿಳಿಸಿದ್ದರಿಂದ, ಮೊದಲೇ ಬರಬೇಕಿತ್ತೆಂಬ ನಮ್ಮ ಕೊರಗೂ ತಗ್ಗಿತು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಶಾಲೆಗೆಂದು ತಾವು ಕನ್ನಡದಲ್ಲೇ ಬರೆದುಕೊಟ್ಟ ಪತ್ರ. ಕಿಟಕಿ, ಫ್ಯಾನುಗಳಿಂದ ದೂರದ ಮುಂದಿನ ಬೆಂಚು, ಒಮ್ಮೆಗೆ ಒಂದೇ ಸೂಚನೆ, ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕಾದ ಶಿಕ್ಷಕರ ದನಿ, ಅದಾಗದಿದ್ದಲ್ಲಿ ನಿಸ್ತಂತು ಮೈಕು: ಇಷ್ಟನ್ನೂ ಅದರಲ್ಲಿ ಬಿಡಿಸಿ ಬರೆದಿದ್ದಿರಿ. ತರಗತಿಯ ಶಿಕ್ಷಕಿಯವರು ಅದನ್ನು ಓದಿ, ಮರುದಿನವೇ ಮಗಳ ಜಾಗ ಬದಲಿಸಿದರು.