ಗೆಳೆಯನಿಗೊಂದು ಪತ್ರ: ಅಂಚೆ ಬಳಗ ಕಟ್ಟುವ ಮೊದಲು

ಪ್ರೀತಿಯ ಗೆಳೆಯಾ,

ಕಾರವಾರದಿಂದ ಶಿರಸಿಯವರೆಗೆ, ಘಟ್ಟದ ಮೇಲೂ ಕೆಳಗೂ ಚದುರಿರುವ ಹತ್ತಾರು ಬರಹಗಾರರನ್ನೂ ಚಿತ್ರಕಾರರನ್ನೂ ಅಂಚೆಯಿಂದಲೇ ಒಂದು ಬಳಗವಾಗಿಸುವ ನಿನ್ನ ಯೋಚನೆ ನನಗೆ ತುಂಬ ಹಿಡಿಸಿತು. ಆದರೆ ಒಂದು ನೋಟ್‌ಬುಕ್ಕನ್ನು ಮನೆಯಿಂದ ಮನೆಗೆ ತಿರುಗಿಸುವ ಕ್ರಮ ಬೇಡ ಮಾರಾಯ. ಲೆಕ್ಕ ಹಾಕಿ ನೋಡು. ಎಂಟು ಜನ, ಒಬ್ಬೊಬ್ಬರ ಬಳಿ ಹತ್ತು ದಿನ, ದಾರಿಗೆ ಮೂರು ದಿನ ಅಂದರೂ ಒಂದು ಸುತ್ತಿಗೆ 104 ದಿನ ಬೇಕು. ನಡುವೆ ಒಬ್ಬನ ಮನೆಯಲ್ಲಿ ಮದುವೆ ಬಂತು, ಇನ್ನೊಬ್ಬನಿಗೆ ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಪುಸ್ತಕ ಅಲ್ಲೇ ನಿಂತಿತು. ಉಳಿದ ಏಳು ಜನರ ಕೈಯಲ್ಲಿ ಏನೂ ಇರುವುದಿಲ್ಲ, ಯಾರ ಬಳಿ ನಿಂತಿದೆ ಅಂತ ಕೇಳಲು ಎಲ್ಲರಿಗೂ ಮುಜುಗರ. ಸರಪಳಿಯಲ್ಲಿ ಒಬ್ಬ ಸೋತರೆ ಎಲ್ಲರೂ ಸೋಲುತ್ತಾರೆ.

ಇದಕ್ಕಿಂತ ಗಟ್ಟಿಯಾದ ದಾರಿ ಹಿಂದೆಯೇ ಸಿಕ್ಕಿದೆ. 1970ರಲ್ಲಿ ನ್ಯೂಯಾರ್ಕಿನಲ್ಲಿ ರಿಚರ್ಡ್ ಕೊಸ್ಟೆಲನೆಟ್ಸ್ ಮತ್ತು ಹೆನ್ರಿ ಕಾರ್ನ್ ‘ಅಸೆಂಬ್ಲಿಂಗ್’ ಎಂಬ ವಾರ್ಷಿಕ ಶುರುಮಾಡಿದರು. ಬರೆಯುವವರೇ ತಮ್ಮ ಪುಟಗಳನ್ನು ಮುದ್ರಿಸಿ 1000 ಪ್ರತಿ ಕಳಿಸಬೇಕಿತ್ತು, ಸಂಪಾದಕರು ಜೋಡಿಸಿ ಕಟ್ಟುತ್ತಿದ್ದರು, ಯಾರದ್ದನ್ನೂ ತಿರಸ್ಕರಿಸುತ್ತಿರಲಿಲ್ಲ. ನಮಗೆ ಸಾವಿರ ಬೇಡ. ಹನ್ನೆರಡು ಜನರ ಬಳಗವಾದರೆ ಒಬ್ಬೊಬ್ಬರೂ 14 ಪ್ರತಿ ಮಾಡಲಿ: ಹನ್ನೆರಡು ಸದಸ್ಯರಿಗೆ, ಒಂದು ಕಾಪಿಡಲು, ಇನ್ನೊಂದು ಕೆಟ್ಟರೆ ಇರಲಿ ಅಂತ. ಎಲ್ಲವೂ ನಿನ್ನ ವಿಳಾಸಕ್ಕೆ ಬರಲಿ. ನೀನು ಮೇಜಿನ ಸುತ್ತ ಹನ್ನೆರಡು ಕಂತೆ ಇಟ್ಟುಕೊಂಡು, ಒಂದೊಂದೇ ಹಾಳೆ ಎತ್ತುತ್ತ ಸುತ್ತು ಬಂದರೆ ಒಂದು ಸಂಚಿಕೆ. ಒಬ್ಬ ಕಳಿಸದಿದ್ದರೆ ಸಂಚಿಕೆ ಹನ್ನೊಂದು ಪುಟದ್ದಾಗುತ್ತದೆ, ನಿಲ್ಲುವುದಿಲ್ಲ.

ಅಳತೆ ಮೊದಲೇ ತಿಳಿಸು. ಎ4 ಹಾಳೆಯ ಅರ್ಧ, ಅಂದರೆ ಎ5. ಎಡಕ್ಕೆ 15 ಮಿಲಿಮೀಟರ್ ಖಾಲಿ ಬಿಡಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆ, ಕವಿಗಳು ಅಂಚಿನವರೆಗೂ ಬರೆಯುತ್ತಾರೆ, ಹೊಲಿದಾಗ ಸಾಲಿನ ಮೊದಲಕ್ಷರ ಒಳಗೆ ಹೋಗುತ್ತದೆ. ಪಿನ್ನು ಹೊಡೆಯಬೇಡ, ಕರಾವಳಿಯ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ದಬ್ಬಣದಲ್ಲಿ ಮೂರು ತೂತು ಮಾಡಿ ಹತ್ತಿ ದಾರದಿಂದ ಹೊಲಿ. ನಡುವಿನ ತೂತಿನಿಂದ ಶುರುಮಾಡಿ ಅಲ್ಲೇ ಗಂಟು ಹಾಕಿದರೆ ಬಿಗಿ ನಿಲ್ಲುತ್ತದೆ.

ತೂಕದ ಲೆಕ್ಕವನ್ನೂ ಎಲ್ಲರಿಗೂ ಹೇಳು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಎ5 ಹಾಳೆ ಎರಡೂವರೆ ಗ್ರಾಂ. ಹನ್ನೆರಡು ಹಾಳೆಗೆ 30, ಎರಡು ದಪ್ಪ ರಕ್ಷಾಪುಟಕ್ಕೆ 16, ಲಕೋಟೆಗೆ ಏಳೆಂಟು. 60 ಗ್ರಾಮಿನ ಒಳಗೇ ಮುಗಿಯುತ್ತದೆ. 20 ಗ್ರಾಮಿಗೆ 5 ರೂಪಾಯಿಯಂತೆ 15 ರೂಪಾಯಿ ಅಂಚೆಚೀಟಿ. ಅದೇ ಎಲ್ಲರೂ 250 ಜಿಎಸ್‌ಎಂ ಡ್ರಾಯಿಂಗ್ ಹಾಳೆ ಬಳಸಿದರೆ ಪುಟಗಳೇ 94 ಗ್ರಾಂ, ಖರ್ಚು ಇಮ್ಮಡಿ. ಮಳೆಗಾಲದಲ್ಲಿ ಕಾಗದ ನೀರಿನಂಶ ಹೀರಿ ಒಂದೆರಡು ಗ್ರಾಂ ಏರುತ್ತದೆ, ಹಾಗಾಗಿ ಗಡಿಯ ಹತ್ತಿರವಿದ್ದರೆ ಇನ್ನೊಂದು ಚೀಟಿ ಹಚ್ಚಿಬಿಡು. ಚೀಟಿ ಕಡಿಮೆಯಾದರೆ ಕೊರತೆಯ ಇಮ್ಮಡಿಯನ್ನು ಪಡೆಯುವವನೇ ತೆರಬೇಕಾಗುತ್ತದೆ. ಗೆಳೆಯನ ಕವಿತೆಗೆ ದಂಡ ಕಟ್ಟುವುದು ಯಾರಿಗೂ ಬೇಡ.

ಕೊನೆಯ ದಿನಾಂಕವನ್ನು ‘ತಲುಪುವ ದಿನ’ ಅಂತ ಇಡಬೇಡ, ‘ಅಂಚೆಗೆ ಹಾಕುವ ದಿನ’ ಅಂತ ಇಡು. ದೇವಿಮನೆಯಲ್ಲೋ ಅರಬೈಲಿನಲ್ಲೋ ಗುಡ್ಡ ಕುಸಿದು ಘಟ್ಟದ ದಾರಿ ಬಂದಾದರೆ ಅದು ಬರೆದವರ ತಪ್ಪಲ್ಲ. ಲಕೋಟೆಯ ಮೇಲಿನ ಮೊಹರು ನೋಡು, ಅಷ್ಟು ಸಾಕು.

ಪ್ರತಿ ಮಾಡುವ ಬಗೆ ಅವರವರಿಗೆ ಬಿಟ್ಟದ್ದು. ಝೆರಾಕ್ಸ್ ಎಲ್ಲಕ್ಕಿಂತ ಭದ್ರ: ಅದರ ಮಸಿ ಕಾಗದದ ಮೇಲೆ ಕರಗಿ ಕೂತಿರುತ್ತದೆ, ನೀರು ತಾಗಿದರೂ ಹರಡದು. ಇಂಕ್‌ಜೆಟ್ ಪ್ರಿಂಟೂ ಕೆಲವು ಜೆಲ್ ಪೆನ್ನಿನ ಬರಹವೂ ಪೋಸ್ಟ್‌ಮನ್ನಿನ ಚೀಲದಲ್ಲಿ ಎರಡು ಹನಿ ಬಿದ್ದರೂ ಹರಡಬಹುದು. ಪೆನ್ಸಿಲ್ ಉಳಿಯುತ್ತದೆ. ರಬ್ಬರಿನಲ್ಲಿ ಕೆತ್ತಿದ ಅಚ್ಚು ನನಗೆ ಬಹಳ ಇಷ್ಟ, ಅದರಲ್ಲೂ ಕುಮಟಾ ಅಂಕೋಲಾ ಕಡೆಯ ಹಳೆಯ ಗುಡಿಗಳ ಕಾವಿ ಕಲೆ ನೋಡಿದವರಿಗೆ ಅದು ಬೇಗ ಒಲಿಯುತ್ತದೆ. ಅಲ್ಲಿಯೂ ಕೆಂಪು ಪದರವನ್ನು ಕೆರೆದು ಕೆಳಗಿನ ಬಿಳಿ ಗಾರೆಯನ್ನು ತೋರಿಸುವುದೇ ಕೆಲಸ. ಅಚ್ಚಿಗೆ ಅಕ್ಷರವನ್ನು ಟ್ರೇಸಿಂಗ್ ಹಾಳೆಯ ಮೇಲೆ ಪೆನ್ಸಿಲಿನಿಂದ ನೆಟ್ಟಗೆ ಬರೆದು, ಕವುಚಿ ಹಾಕಿ ಉಜ್ಜಿದರೆ ತಾನಾಗಿಯೇ ತಿರುಗುಮುರುಗಾಗಿ ರಬ್ಬರಿಗೆ ಇಳಿಯುತ್ತದೆ. 8 ಮಿಲಿಮೀಟರಿಗಿಂತ ಸಣ್ಣ ಅಕ್ಷರ ಬೇಡ. ಮೊದಲು ಕಿತ್ತುಹೋಗುವುದು ‘ಠ’ದ ಒಳಗಿನ ಚುಕ್ಕೆ, ಆಮೇಲೆ ಒತ್ತಕ್ಷರದ ಬಾಲ.

ಮನೆಯಲ್ಲೇ ಮಸಿ ಮಾಡಬೇಕೆನ್ನುವವರಿಗೆ ನಮ್ಮ ಕಡೆಯ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಇದೆ. ಅರ್ಧ ಲೋಟ ಗಟ್ಟಿ ಚೊಗರಿಗೆ ಅಷ್ಟೇ ನೀರು, ಕಾಲು ಚಮಚ ಅನ್ನಭೇದಿ (ಕಬ್ಬಿಣದ ಲವಣ), ಅರ್ಧ ಚಮಚ ಗೋಂದು. ಬರೆದಾಗ ಪೇಲವವಾಗಿ ಕಾಣುತ್ತದೆ, ಗಾಳಿ ತಾಗಿದಂತೆ ಹಸಿರುಗಪ್ಪಿಗೆ ತಿರುಗುತ್ತದೆ. ಅನ್ನಭೇದಿ ಹೆಚ್ಚಾದರೆ ವರ್ಷಗಳ ಮೇಲೆ ಅಕ್ಷರ ಇದ್ದಲ್ಲೇ ಕಾಗದ ಸುಟ್ಟಂತೆ ಒಡೆಯುತ್ತದೆ. ಅರಿಶಿನವನ್ನೂ ಮುರುಗಲು (ಕೋಕಂ) ಹಣ್ಣನ್ನೂ ಬಣ್ಣವೆಂದು ನಂಬಬೇಡ. ಮೊದಲನೆಯದು ಬಿಸಿಲಿಗೆ ಮಾಯ, ಎರಡನೆಯದು ಸೋಪು ಸುಣ್ಣ ತಾಗಿದಲ್ಲಿ ಬೇರೆಯೇ ಬಣ್ಣ. ಅಂಟಿಗೆ ಮೈದಾ ಸಾಕು. ಬೂಸಲು ಬರದಂತೆ 100 ಗ್ರಾಂ ಮೈದಾಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕು, ಔಷಧಿ ಹೊಡೆಯುವ ಕಾಲದಲ್ಲಿ ತೋಟದವರ ಮನೆಯಲ್ಲಿ ಇದ್ದೇ ಇರುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಪಾತ್ರೆ ಬೇಡ, ಮತ್ತು ಡಬ್ಬಿಯ ಮೇಲೆ ‘ವಿಷ’ ಅಂತ ಬರೆದಿರಲಿ. ಅಡಿಕೆ ಹಾಳೆಯ ಮೇಲೆ ಬರೆದು ಹಾಗೇ ಅಂಚೆಗೆ ಹಾಕುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಒಣಗಿದ ಹಾಳೆ ಮೊಹರಿನ ಹೊಡೆತಕ್ಕೆ ಸೀಳುತ್ತದೆ; ಲಕೋಟೆಯೊಳಗೆ ಎರಡು ರಟ್ಟಿನ ನಡುವೆ ಇಟ್ಟು ಕಳಿಸಲಿ.

ಇನ್ನು ಏನು ಬರೆಯುವುದು ಅನ್ನುವ ಮಾತು. ‘ಮಳೆ’, ‘ಕಡಲು’ ಅಂತ ವಿಷಯ ಕೊಟ್ಟರೆ ಎಲ್ಲರೂ ತಮಗೆ ರೂಢಿಯಾದದ್ದನ್ನೇ ಕಳಿಸುತ್ತಾರೆ. ವಿಷಯದ ಬದಲು ಕಟ್ಟು, ಅಂದರೆ ಒಂದು ನಿರ್ಬಂಧ, ಕೊಡು. ನಿರೋಷ್ಠ್ಯದಿಂದ ಶುರುಮಾಡು: ತುಟಿ ಸೇರದ, ತುಟಿ ದುಂಡಗಾಗದ ಬರಹ. ಸಂಸ್ಕೃತ ಕವಿ ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತನ ತುಟಿಯನ್ನು ನಲ್ಲೆ ಕಚ್ಚಿರುತ್ತಾಳೆ, ಹಾಗಾಗಿ ಅವನು ತನ್ನ ಇಡೀ ಕಥೆಯನ್ನು ಓಷ್ಠ್ಯಾಕ್ಷರವಿಲ್ಲದೆ ಹೇಳುತ್ತಾನೆ. ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚಿನಲ್ಲಿ ‘ಇ’ (e) ಎಂಬ ಒಂದಕ್ಷರ ಬಿಟ್ಟು ಕಾದಂಬರಿಯನ್ನೇ ಬರೆದ. ನಮ್ಮಲ್ಲಿ ಅವಧಾನ ಕೇಳಿದವರಿಗೆ ನಿಷೇಧಾಕ್ಷರಿ (ಬೇಡವೆಂದ ಅಕ್ಷರ ಬಿಟ್ಟು ಪದ್ಯ ಕಟ್ಟುವುದು) ಗೊತ್ತೇ ಇದೆ. ಪ್ರಯೋಗ ಅಂದರೆ ಹೊರಗಿಂದ ಬಂದದ್ದು ಅನ್ನುವವರಿಗೆ ಇದನ್ನು ತೋರಿಸು.

ಕನ್ನಡದಲ್ಲಿ ನಿಯಮ ಹೀಗಿರಲಿ: ಪ ಫ ಬ ಭ ಮ ಇಲ್ಲ, ವ ಇಲ್ಲ, ಉ ಊ ಒ ಓ ಔ ಇಲ್ಲ. ಎಡವುವುದು ಎಲ್ಲಿ ಅಂದರೆ ಪದದ ಕೊನೆಯ ಉಕಾರದಲ್ಲಿ. ‘ನಾನು’, ‘ಅವರು’, ‘ಮತ್ತು’, ‘ಒಂದು’ ಎಲ್ಲ ಹೋಯಿತು. ‘ಅನ್ನು’ ವಿಭಕ್ತಿ ಹೋಯಿತು, ‘ಗಳು’ ಹೋಯಿತು. ಆದರೆ ‘ಇಂದ’, ‘ಇಗೆ’, ‘ಅಲ್ಲಿ’ ಉಳಿದವು, ‘ಗಳು’ ಇಲ್ಲದಿದ್ದರೂ ‘ಗಳಿಗೆ’ ಇದೆ. ಅಂದರೆ ಕರ್ಮವನ್ನು ಬಿಟ್ಟು, ಎಲ್ಲಿಂದ ಎಲ್ಲಿಗೆ ಅನ್ನುವುದರ ಮೇಲೆ ವಾಕ್ಯ ನಿಲ್ಲಬೇಕು. ಬರಹದ ನಡೆಯೇ ಬದಲಾಗುತ್ತದೆ, ಅದಕ್ಕೇ ಈ ಕಟ್ಟು ನನಗೆ ಮೆಚ್ಚು. ಅನುಸ್ವಾರ ಜೋಪಾನ: ‘ತಂಗಿ’ಯಲ್ಲಿ ತುಟಿ ಸೇರದು, ‘ಸಂಸಾರ’ದಲ್ಲಿ ಸೇರುತ್ತದೆ. ಕಣ್ಣಿಗಿಂತ ಬಾಯಿಯನ್ನು ನಂಬು, ಗಟ್ಟಿಯಾಗಿ ಓದಿ ಪರೀಕ್ಷಿಸು.

ನಮ್ಮ ಉತ್ತರ ಕನ್ನಡ ಜಿಲ್ಲೆಯ 12 ತಾಲೂಕುಗಳಲ್ಲಿ ಈ ಜರಡಿಯಲ್ಲಿ ಉಳಿಯುವುದು ಶಿರಸಿ, ಹಳಿಯಾಳ, ದಾಂಡೇಲಿ ಮಾತ್ರ. ಕರಾವಳಿಯ ಐದೂ ಹೊರಗೆ, ನಿನ್ನ ಕಾರವಾರವೂ ‘ವ’ಕಾರದಿಂದ ಹೊರಗೆ. ನದಿಗಳಲ್ಲಿ ಕಾಳಿ, ಅಘನಾಶಿನಿ ಒಳಗೆ. ಗಂಗಾವಳಿ, ಶರಾವತಿ ಹೊರಗೆ. ಮೀನಿನಲ್ಲಿ ಬಂಗಡೆ ಇಲ್ಲ, ತಾರ್ಲೆ ಇದೆ. ಅಪ್ಪ ಅಮ್ಮ ಇಬ್ಬರೂ ಇಲ್ಲ, ನಮ್ಮ ಕಡೆಯ ‘ಆಯಿ’ ಇದ್ದಾಳೆ. ‘ಅಘನಾಶಿನಿಯ ತಡಿಯಲ್ಲಿ ಗಾಳಿ ನಿಂತಿದೆ, ಆಯಿ ಗದ್ದೆಯ ಅಂಚಿನಲ್ಲಿ ನಿಂತಿಲ್ಲ’ ಅಂತ ಬರೆಯಬಹುದು. ಕಾರವಾರದ ಬಗ್ಗೆ ಕಾರವಾರದ ಹೆಸರಿಲ್ಲದೆ ಬರೆಯುವುದು ನಿನ್ನ ಪಾಲಿನ ಕಷ್ಟ, ಅದನ್ನು ಓದುವ ಆಸೆ ನನ್ನದು. ಚಿತ್ರಕಾರರಿಗೂ ಇಂಥದ್ದೇ ಕಟ್ಟು ಬೇಕು: ಅಡ್ಡಗೆರೆ ಇಲ್ಲದ ಕಡಲು, ಅಥವಾ ಒಂದೇ ಅಚ್ಚನ್ನು ಏಳು ಸಲ ಒತ್ತಿ ಮುಗಿಸುವ ಚಿತ್ರ.

ಸಂಚಿಕೆ ತಲುಪಿದ ಮೇಲಿನದ್ದು ಎಲ್ಲಕ್ಕಿಂತ ಮುಖ್ಯ. ‘ಚೆನ್ನಾಗಿದೆ’ ಅನ್ನುವ ಉತ್ತರಕ್ಕೆ ಮರುಉತ್ತರ ಇರುವುದಿಲ್ಲ, ಬಳಗಗಳು ಹೊಗಳಿಕೆಯಲ್ಲೇ ಸಾಯುತ್ತವೆ. ಕೆಲಸಕ್ಕೆ ಕೆಲಸದಿಂದಲೇ ಉತ್ತರ ಬರಲಿ. ತಾಳಮದ್ದಲೆಯಲ್ಲಿ ಎದುರು ಕೂತ ಅರ್ಥಧಾರಿಯ ಮಾತಿನ ಒಂದು ಎಳೆ ಹಿಡಿದು ಇನ್ನೊಬ್ಬ ಮುಂದಕ್ಕೆ ಒಯ್ಯುತ್ತಾನಲ್ಲ, ಹಾಗೆ. ಒಂದು ಸಾಲು ತೆಗೆದುಕೊಂಡು, ಅದನ್ನು ತಿರುಗಿಸಿ, 50 ಪೈಸೆ ಕಾರ್ಡಿನಲ್ಲಿ ಬರೆದವರಿಗೇ ಕಳಿಸುವುದು. ಅಮೆರಿಕದ ಕಲಾವಿದ ರೇ ಜಾನ್ಸನ್ ತನ್ನ ಅರೆಬರೆ ಚಿತ್ರಗಳ ಮೇಲೆ ‘ಇದಕ್ಕೆ ಸೇರಿಸಿ ವಾಪಸು ಕಳಿಸು’ ಅಂತ ಬರೆದು ಅಂಚೆಗೆ ಹಾಕುತ್ತಿದ್ದ. ಆದರೆ ಇನ್ನೊಬ್ಬರ ಕೆಲಸಕ್ಕೆ ಕತ್ತರಿ ಹಾಕುವ ಮೊದಲು ಒಪ್ಪಿಗೆ ಬೇಕು. ಪ್ರತಿಯೊಬ್ಬರೂ ಹಾಳೆಯ ಹಿಂದೆ ‘ಕತ್ತರಿಸಬಹುದು’ ಅಥವಾ ‘ಹೀಗೇ ಇರಲಿ’ ಅಂತ ಬರೆದಿರಲಿ. ಇದೊಂದು ಸಾಲು ಇಲ್ಲದೆ ಮುರಿಯುವ ಸ್ನೇಹಗಳಿವೆ.

ಆಯ್ಕೆ ಮಾಡಬೇಡ, ಶುಲ್ಕ ಬೇಡ, ಕಳಿಸಿದವರಿಗೆಲ್ಲ ಸಂಚಿಕೆ ಹೋಗಲೇಬೇಕು. ಅಂಚೆಕಲೆಯ (ಅಂಚೆಯಲ್ಲೇ ಕಲೆ ಹಂಚಿಕೊಳ್ಳುವ) ಬಳಗಗಳು ಹಿಂದಿನಿಂದ ಪಾಲಿಸಿಕೊಂಡು ಬಂದ ಕ್ರಮ ಇದು. ‘ಕಳಪೆಯದೂ ಬರುತ್ತದಲ್ಲ’ ಅಂತ ನೀನು ಕೇಳಬಹುದು. ಬರುತ್ತದೆ, ಬರಲಿ. ಈ ಜಾಲದ ಬಲ ಬೇರೆ ಕಡೆ ಇದೆ. 1977ರಲ್ಲಿ ಉರುಗ್ವೆಯ ಸೇನಾ ಸರ್ವಾಧಿಕಾರ ಕ್ಲೆಮೆಂತೆ ಪದೀನ್, ಹೋರ್ಹೆ ಕರಬಾಯೊ ಎಂಬ ಇಬ್ಬರು ಅಂಚೆ ಕಲಾವಿದರನ್ನು ಜೈಲಿಗೆ ಹಾಕಿದಾಗ ಅವರ ಬಿಡುಗಡೆಗಾಗಿ ದೇಶದೇಶಗಳಿಂದ ಪತ್ರ ಬರೆದವರು ಇಂಥ ಬಳಗದವರೇ. ವಿಳಾಸದ ಪಟ್ಟಿಯಲ್ಲಿದ್ದ ಎಲ್ಲರೂ ದೊಡ್ಡ ಕಲಾವಿದರೇ ಆಗಿರಬೇಕಿರಲಿಲ್ಲ.

ವಿಳಾಸಪಟ್ಟಿಯನ್ನು ಸಂಚಿಕೆಯ ಒಳಗೆ ಮುದ್ರಿಸಬೇಡ, ಬೇರೆ ಚೀಟಿಯಲ್ಲಿ ಸದಸ್ಯರಿಗೆ ಮಾತ್ರ ಕೊಡು. ಹೆಣ್ಣುಮಕ್ಕಳಿಗೆ ಮನೆಯ ವಿಳಾಸ ಕೊಡಲು ಹಿಂಜರಿಕೆ ಇದ್ದರೆ ಎಲ್ಲವೂ ನಿನ್ನ ಮೂಲಕವೇ ಹೋಗಿಬರಲಿ. ಜೋಡಿಸುವ ಕೆಲಸ ಎರಡು ಸಂಚಿಕೆಗೊಮ್ಮೆ ಕೈ ಬದಲಾಗಲಿ, ಇಲ್ಲದಿದ್ದರೆ ನೀನು ದಣಿದ ದಿನ ಬಳಗವೂ ಮುಗಿಯುತ್ತದೆ. ವರ್ಷಕ್ಕೆ ಮೂರು ಸಂಚಿಕೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಚಿಕೆ ಬೇಡ, ಕಾರ್ಡುಗಳು ಮಾತ್ರ ಓಡಾಡಲಿ.

ಮೊದಲ ಕರೆಗೆ ಒಂದು ಸಲಹೆ. ಜಪಾನಿನ ಕಲಾವಿದೆ ಮಿಯೆಕೊ ಶಿಯೊಮಿ 1965ರಲ್ಲಿ ಲೋಕದ ನಾನಾ ಕಡೆಯ ಗೆಳೆಯರಿಗೆ ಕಾರ್ಡು ಕಳಿಸಿ, ಅದರ ಮೇಲೆ ಒಂದು ಪದ ಬರೆದು ಎಲ್ಲಾದರೂ ಇಡಿ, ಪದವನ್ನೂ ಜಾಗವನ್ನೂ ನನಗೆ ತಿಳಿಸಿ ಎಂದು ಕೇಳಿ, ಬಂದ ಉತ್ತರಗಳಿಂದ ಭೂಪಟ ಮಾಡಿದಳು. ನಾವು ಜಿಲ್ಲೆಯ ನಕ್ಷೆ ಮಾಡೋಣ. ಒಬ್ಬೊಬ್ಬರೂ ಒಂದು ನಿರೋಷ್ಠ್ಯ ಪದವನ್ನು ತಮ್ಮ ಊರಿನಲ್ಲಿ ಎಲ್ಲಾದರೂ ಇಟ್ಟು, ಎಲ್ಲಿ, ಯಾವ ಹೊತ್ತಿಗೆ, ಯಾವುದರ ಮೇಲೆ ಬರೆದು ಇಟ್ಟದ್ದು ಅಂತ ಕಾರ್ಡು ಹಾಕಲಿ. ನಕ್ಷೆಯ ಗೆರೆ ನಾನು ಎಳೆದುಕೊಡುತ್ತೇನೆ. ಕರೆಯ ಕರಡು ಒಂದೇ ಕಾರ್ಡಿನಲ್ಲಿ ಹಿಡಿಯುವಷ್ಟು ಇರಲಿ. ಬರೆದ ಕೂಡಲೇ ಮೊದಲು ನನಗೆ ಹಾಕು, ತಿದ್ದಿ ಮರುಟಪಾಲಿಗೆ ಕಳಿಸುತ್ತೇನೆ.

ನಿನ್ನ,
ಶಿರಸಿಯ ಗೆಳೆಯ