ಪಾಠ ಕಟ್ಟುವುದಕ್ಕೂ ವಿಶ್ವವಿದ್ಯಾಲಯ ಕೈಜೋಡಿಸಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ನಮ್ಮ ಪ್ರೌಢಶಾಲೆಗೆ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರು, ಬರುತ್ತಾರೆ. 2015ರಲ್ಲಿ ಬಿ.ಇಡಿ. ಎರಡು ವರ್ಷದ ಕೋರ್ಸ್ ಆದಾಗಿನಿಂದ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಕಡ್ಡಾಯ. ನಿಯಮ ಚೆನ್ನಾಗಿದೆ. ಆದರೆ ನಾನು ಕಾಣುತ್ತಿರುವುದು ಇಷ್ಟೇ: ಪಾಠ ಯೋಜನೆಯ ಪುಸ್ತಕ ತುಂಬುತ್ತದೆ, ಗೋಡೆಗೆ ಚಾರ್ಟು ಏರುತ್ತದೆ, ಮೇಲ್ವಿಚಾರಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಸಹಿ ಹಾಕಿ ಹೊರಡುತ್ತಾರೆ. ಇದನ್ನು ಶಾಲೆ, ವಿಶ್ವವಿದ್ಯಾಲಯಗಳ ಸಹಭಾಗಿತ್ವ ಎನ್ನಲು ನನಗೆ ಮನಸ್ಸು ಬಾರದು.

ಸಮಾಜ ವಿಜ್ಞಾನದವರಿಗೆ ಈ ಕೊರತೆ ಹೆಚ್ಚು ತಟ್ಟುತ್ತದೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಆರನ್ನೂ ಒಬ್ಬರೇ ಕಲಿಸಬೇಕು. ನಾನು ಓದಿದ್ದು ಅರ್ಥಶಾಸ್ತ್ರ. ಗಂಗರ ಪಾಠದ ಸಮಯದಲ್ಲಿ ಎಂಟನೇ ತರಗತಿಯವರನ್ನು ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಕರೆದೊಯ್ದಿದ್ದೆ. ಬೆಂಗಳೂರಿನ ಹೆಸರು ಕೆತ್ತಿರುವ, ಇಲ್ಲಿ ನಡೆದ ಕಾಳಗವನ್ನು ಹೇಳುವ, ಸುಮಾರು ಕ್ರಿ.ಶ. 890ರ ಶಾಸನ ಅಲ್ಲಿದೆ. ಹುಡುಗಿಯೊಬ್ಬಳು ಕಲ್ಲಿನ ಹತ್ತಿರ ಬಾಗಿ, ಗೊತ್ತಿರುವ ಅಕ್ಷರ ಒಂದಾದರೂ ಸಿಕ್ಕೀತೇ ಎಂದು ಸಾಲು ಸಾಲಾಗಿ ಹುಡುಕಿದಳು. ಆಮೇಲೆ ಕೇಳಿದಳು: "ಮಿಸ್, ಬೆಂಗಳೂರಿನಲ್ಲಿ ಕಾಳಗ ಮಾಡಿದವರು ಯಾರು? ಯಾತಕ್ಕೆ ಮಾಡಿದರು?" ಪಠ್ಯಪುಸ್ತಕ ಅಲ್ಲಿಯವರೆಗೆ ಹೋಗುವುದಿಲ್ಲ. ಹಳೆಯ ಲಿಪಿ ಓದಬಲ್ಲ, ಆ ಕಾಲವನ್ನು ಬಿಡಿಸಿ ಹೇಳಬಲ್ಲ ವಿದ್ವಾಂಸರು ಇದೇ ಊರಿನಲ್ಲಿದ್ದಾರೆ. ಅವರು ನಮ್ಮ ತರಗತಿಗೆ ಬರುವ ದಾರಿಯನ್ನು ಯಾರೂ ಮಾಡಿಲ್ಲ.

ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಯೇಲ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಸಾರ್ವಜನಿಕ ಶಾಲೆಗಳು 1978ರಿಂದ ಶಿಕ್ಷಕರ ಸಂಸ್ಥೆಯೊಂದನ್ನು ನಡೆಸುತ್ತಿವೆ. ಪ್ರಾಧ್ಯಾಪಕರು ಗೋಷ್ಠಿ ನಡೆಸುತ್ತಾರೆ. ಶಿಕ್ಷಕರು ಅದರಲ್ಲಿ ಓದಿ, ಚರ್ಚಿಸಿ, ತಮ್ಮ ಮಕ್ಕಳಿಗೆ ಬೇಕಾದ ಪಾಠವನ್ನು ತಾವೇ ಬರೆಯುತ್ತಾರೆ. ಯಾವ ವಿಷಯದ ಗೋಷ್ಠಿ ಬೇಕೆಂಬುದರಲ್ಲೂ ಶಿಕ್ಷಕರ ಮಾತು ನಡೆಯುತ್ತದೆ. ನನಗೆ ಮೆಚ್ಚುಗೆಯಾದದ್ದು ಇದೇ. ನಮ್ಮಲ್ಲಿ ತರಬೇತಿ ಎಂದರೆ ಮೇಲಿನಿಂದ ಬಂದ ಮಾಡ್ಯೂಲ್ ಕೇಳಿಸಿಕೊಂಡು ಹಾಜರಿ ಹಾಕುವುದಾಗಿದೆ.

ಶಾಲಾ ಶಿಕ್ಷಣ ಇಲಾಖೆಯ ಬೆಂಗಳೂರು ಉತ್ತರ ಮತ್ತು ದಕ್ಷಿಣದ ಉಪನಿರ್ದೇಶಕರು, ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು), ಬೆಂಗಳೂರು ವಿಶ್ವವಿದ್ಯಾಲಯ ಮತ್ತು ನಗರ ವಿಶ್ವವಿದ್ಯಾಲಯ ಸೇರಿ ಇಂಥದ್ದೊಂದನ್ನು ಸಣ್ಣ ಪ್ರಮಾಣದಲ್ಲಾದರೂ ಆರಂಭಿಸಬೇಕು. ಬೇಗೂರಿನ ಶಾಸನ, ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ನಮ್ಮ ಕೆರೆಗಳು, ವಾರ್ಡ್ ಸಮಿತಿ: ಪಾಠಕ್ಕೆ ವಸ್ತು ಬೇಕಾದಷ್ಟಿದೆ. ಶಾಸನಗಳ ಪಾಠವಂತೂ 1905ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಿಂದಲೇ ಶುರುವಾಗಬಹುದು. ಪ್ರಶಿಕ್ಷಣಾರ್ಥಿಗಳೂ ಈ ಕೆಲಸದಲ್ಲಿ ಜೊತೆಗಿರಲಿ. ಚಾರ್ಟು ಬರೆಯುವುದಕ್ಕಿಂತ ಹೆಚ್ಚು ಕಲಿಯುತ್ತಾರೆ.

ಭಾಗವಹಿಸುವ ಶಿಕ್ಷಕರಿಗೆ ಓಓಡಿ (ಅನ್ಯ ಕರ್ತವ್ಯದ ಮೇಲೆ ಹಾಜರಿ) ಸೌಲಭ್ಯ ಕೊಡಬೇಕು, ಪ್ರಾಧ್ಯಾಪಕರ ಈ ಸಮಯವನ್ನು ಅವರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಒತ್ತಡದ ತಿಂಗಳುಗಳಲ್ಲಿ ಬೇಡ, ಶಾಲೆ ತೆರೆಯುವಾಗಲೇ ವೇಳಾಪಟ್ಟಿ ಪ್ರಕಟಿಸಿದರೆ ನಾನೂ ಹೆಸರು ಕೊಡುತ್ತೇನೆ, ನನ್ನ ಸಹೋದ್ಯೋಗಿಗಳನ್ನೂ ಕರೆತರುತ್ತೇನೆ.

ಇಂತಿ,
ಸಮಾಜ ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಬೆಂಗಳೂರು